ಟೂಲ್ ರೂಮಿನವನು ನೋಡಿದ ಆರ್‌ಪಿಸಿ ಆನ್‌ಲೈನ್

ರೋಮನ್ನರ ಆಳ್ವಿಕೆಯಲ್ಲಿ ಗ್ರೀಕ್ ಊರುಗಳು ಹೊಡೆಸಿದ ಕಂಚಿನ ನಾಣ್ಯಗಳ ಡೈಗಳನ್ನು (ಚಿತ್ರ ಕೆತ್ತಿದ ಅಚ್ಚುಗಳನ್ನು) ಮನೆಯಲ್ಲೇ ಕೂತು ಅಭ್ಯಾಸ ಮಾಡುವ ಆಸೆ ಇದೆಯೇ? ಹಾಗಾದರೆ ಆರ್‌ಪಿಸಿ ಆನ್‌ಲೈನ್‌ನಿಂದಲೇ ಶುರು ಮಾಡಿ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ ನಡೆಸುವ ತಾಣ ಇದು. ಆರ್‌ಪಿಸಿ ಅಂದರೆ ರೋಮನ್ ಪ್ರಾವಿನ್ಶಿಯಲ್ ಕಾಯಿನೇಜ್, ರೋಮನ್ ಪ್ರಾಂತ್ಯಗಳ ನಾಣ್ಯಗಳು. ಪೂರ್ತಿ ಉಚಿತ. ಲಂಡನ್, ಪ್ಯಾರಿಸ್, ಬರ್ಲಿನ್, ವಿಯೆನ್ನಾ, ನ್ಯೂಯಾರ್ಕ್‌ಗಳ ದೊಡ್ಡ ಸಂಗ್ರಹಗಳಲ್ಲಿರುವ ನಾಣ್ಯಗಳು, ಜೊತೆಗೆ ಹರಾಜಿಗೆ ಬಂದು ಹೋದ ಎಷ್ಟೋ ನಾಣ್ಯಗಳು, ಒಂದೇ ಪುಟದಲ್ಲಿ ಸಾಲಾಗಿ ಸಿಗುತ್ತವೆ. ಐದು ನಕ್ಷತ್ರಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಹಿಡಿದುಕೊಂಡೆ ಅನ್ನುವುದು ಮುಂದೆ ಬರುತ್ತದೆ.

ನಾನು ನಾಣ್ಯಶಾಸ್ತ್ರ ಓದಿದವನಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಟೂಲ್ ರೂಮ್ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ತಯಾರಿಸುವ ಜಾಗ) ಕೆಲಸ ಮಾಡಿ ನಿವೃತ್ತನಾದವನು. ಪ್ರೆಸ್ ಟೂಲ್, ಡೈ, ಪಂಚ್, ಇದೇ ನನ್ನ ಜೀವನ. ಹಾಗಾಗಿ ಹಳೆಯ ನಾಣ್ಯ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬೀಳುವುದು ಅದನ್ನು ಹೊಡೆದ ಟೂಲು. ಚಕ್ರವರ್ತಿಯ ಮುಖ ಆಮೇಲೆ. ಈ ವಿಮರ್ಶೆಯೂ ಆ ಕಣ್ಣಿನದೇ. ದೇವತೆಗಳ ಚಿತ್ರ, ಊರುಗಳ ಇತಿಹಾಸ ಹುಡುಕುವವರಿಗೂ ಈ ತಾಣದಲ್ಲಿ ಬೇಕಾದಷ್ಟಿದೆ. ಅದನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ತಾಣದ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಬರ್ನೆಟ್ ಮತ್ತು ಪ್ಯಾರಿಸ್‌ನ ಮಿಶೆಲ್ ಅಮಾಂಡ್ರಿ ಸೇರಿ ಶುರು ಮಾಡಿದ ಕೆಲಸ ಇದು. ರೋಮನ್ ಪ್ರಾಂತ್ಯಗಳಲ್ಲಿ ಊರೂರಿನವರು ಹೊಡೆಸಿದ ನಾಣ್ಯಗಳನ್ನೆಲ್ಲ ಒಂದು ಪಟ್ಟಿಗೆ ತರುವುದು ಅವರ ಗುರಿ. ಮೊದಲ ಸಂಪುಟ 1992ರಲ್ಲಿ ಬಂತು. ಅದು ಕ್ರಿ.ಪೂ. 44ರಲ್ಲಿ ಸೀಸರ್ ಸತ್ತಲ್ಲಿಂದ ಕ್ರಿ.ಶ. 69ರವರೆಗಿನದು. ಆಮೇಲೆ ಒಂದೊಂದಾಗಿ ಬರುತ್ತಿವೆ. ಕೆಲವು ಕಾಲದ ನಾಣ್ಯಗಳಿಗೆ ಇನ್ನೂ ತಾತ್ಕಾಲಿಕ ನಂಬರು ಇದೆ, ಕೆಲವು ಅಚ್ಚಾಗಿ ಮುಗಿದಿವೆ. ಅಚ್ಚಾದ ಸಂಪುಟಗಳು ನಮ್ಮಂಥವರ ಕೈಗೆ ಎಟುಕುವ ಬೆಲೆಯವಲ್ಲ. ಅದೇ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರಲ್ಲ, ಅದಕ್ಕೆ ನಾನು ನಿಜಕ್ಕೂ ಋಣಿ.

ಈಗ ಡೈ ವಿಷಯ. ಆ ಕಾಲದಲ್ಲಿ ಪ್ರತಿ ಡೈಯನ್ನೂ ಕೈಯಲ್ಲೇ ಕೆತ್ತುತ್ತಿದ್ದರು. ಒಂದೇ ಕೆಲಸಗಾರ, ಒಂದೇ ಚಿತ್ರ ಇಟ್ಟುಕೊಂಡು ಎರಡು ಡೈ ಕೆತ್ತಿದರೂ ಎರಡೂ ಒಂದೇ ಆಗುವುದಿಲ್ಲ. ಅಕ್ಷರ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ. ಎರಡು ನಾಣ್ಯಗಳಲ್ಲಿ ಅಕ್ಷರ, ಮೂಗು, ಮಾಲೆಯ ಗಂಟು, ಅಂಚಿನ ಚುಕ್ಕಿ ಎಲ್ಲವೂ ಕರಾರುವಾಕ್ಕಾಗಿ ಒಂದೇ ಜಾಗದಲ್ಲಿದ್ದರೆ ಎರಡೂ ಒಂದೇ ಡೈಯಿಂದ ಬಂದವು. ಒಂದು ಇಸ್ತಾಂಬುಲ್‌ನಲ್ಲಿರಲಿ, ಇನ್ನೊಂದು ನ್ಯೂಯಾರ್ಕ್‌ನಲ್ಲಿರಲಿ, ಅವೆರಡೂ ಹುಟ್ಟಿದ್ದು ಒಂದೇ ಟೂಲಿನಲ್ಲಿ. ಹದಿನೆಂಟು ನೂರು ವರ್ಷ ಆದ ಮೇಲೆ ಇಷ್ಟು ಖಚಿತವಾಗಿ ಹೇಳಲು ಆಗುವ ಮಾತುಗಳು ಎಷ್ಟಿವೆ? ನನಗೆ ಈ ಹುಚ್ಚು ಹತ್ತಿದ್ದೇ ಅದರಿಂದ.

ಡೈ ಎರಡು. ಕೆಳಗಿನದು ಮುಂಬದಿ ಡೈ, ಅದನ್ನು ಅಡಿಗಲ್ಲಿಗೆ (ಲೋಹ ಬಡಿಯುವ ಗಟ್ಟಿ ಪೀಠಕ್ಕೆ) ಕೂರಿಸುತ್ತಿದ್ದರು. ಸಾಮಾನ್ಯವಾಗಿ ಚಕ್ರವರ್ತಿಯ ಮುಖ ಅದರಲ್ಲಿರುತ್ತದೆ. ಮೇಲಿನದು ಪಂಚು, ಅಂದರೆ ಹಿಂಬದಿ ಡೈ. ಅದರಲ್ಲಿ ಊರಿನ ಹೆಸರು, ಊರಿನ ದೇವರು. ನಡುವೆ ಕಂಚಿನ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಏಟು ನೇರ ಬೀಳುವುದು ಪಂಚಿಗೆ. ಹಾಗಾಗಿ ಸಾಮಾನ್ಯವಾಗಿ ಪಂಚು ಮೊದಲು ಹೋಗುತ್ತದೆ. ಅಡಿಯ ಡೈ ಜಾಸ್ತಿ ದಿನ ಬಾಳುತ್ತದೆ. ಒಂದು ಮುಂಬದಿ ಡೈ ಉಳಿದಿರುವಾಗಲೇ ಹಲವು ಹಿಂಬದಿ ಡೈಗಳು ಬಂದು ಹೋಗುತ್ತವೆ. ಹೀಗೆ ಮುಂಬದಿಯಿಂದ ಹಿಂಬದಿಗೆ, ಆ ಹಿಂಬದಿಯಿಂದ ಇನ್ನೊಂದು ಮುಂಬದಿಗೆ ಕೊಂಡಿ ಹಾಕುತ್ತಾ ಹೋದರೆ ಒಂದು ಸರಪಳಿ ಸಿಗುತ್ತದೆ. ಅಂದಿನ ಕಾರ್ಖಾನೆಯ ಕೆಲಸದ ಕ್ರಮವೇ ಆ ಸರಪಳಿಯಲ್ಲಿದೆ.

ತಾಣವನ್ನು ಹೇಗೆ ಬಳಸುತ್ತೇನೆ ಎಂದು ಒಂದು ಊರು ಹಿಡಿದು ಹೇಳುತ್ತೇನೆ. ಊರು ಮಾರ್ಸಿಯಾನೊಪೊಲಿಸ್. ಈಗಿನ ಬಲ್ಗೇರಿಯಾದ ಡೆವ್ನ್ಯಾ, ಕಪ್ಪು ಸಮುದ್ರದ ವರ್ನಾ ಪಟ್ಟಣಕ್ಕೆ ಹತ್ತಿರ. ಚಕ್ರವರ್ತಿ ಟ್ರಾಜನ್ ತನ್ನ ಅಕ್ಕ ಮಾರ್ಸಿಯಾನಾಳ ಹೆಸರಿನಲ್ಲಿ ಕಟ್ಟಿಸಿದ ಊರು. ನಾನು ಹಿಡಿದ ಕಾಲ ಮೂರನೇ ಗೋರ್ಡಿಯನ್‌ನದು. 238ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ 13 ವರ್ಷ. 244ರಲ್ಲಿ ಸತ್ತ. ಏಷ್ಯಾ ಪ್ರಾಂತ್ಯ (ಈಗಿನ ಟರ್ಕಿಯ ಪಶ್ಚಿಮ ಭಾಗ) ಬಿಟ್ಟು ಉಳಿದ ಕಡೆಯ ಅವನ ನಾಣ್ಯಗಳ ಸಂಪುಟ 2022ರಲ್ಲಿ ಅಚ್ಚಾಯಿತು. ಹಾಗಾಗಿ ಈ ಭಾಗ ತಾಣದಲ್ಲಿ ಗಟ್ಟಿಯಾಗಿದೆ.

ಹುಡುಕುವ ಪುಟದಲ್ಲಿ ಊರು ಮತ್ತು ಚಕ್ರವರ್ತಿಯ ಹೆಸರು ಕೊಟ್ಟರೆ ಸಾಕು, ಸಾಲುಸಾಲಾಗಿ ಬರುತ್ತವೆ. ಪ್ರತಿ ಬಗೆಗೂ ಒಂದು ನಂಬರು, ಒಂದು ಪುಟ. ಅದರಲ್ಲಿ ಮುಂಬದಿ ಬರಹ, ಹಿಂಬದಿ ಬರಹ, ಚಿತ್ರದ ವಿವರಣೆ, ಸರಾಸರಿ ತೂಕ, ಅಡ್ಡಳತೆ. ಕೆಳಗೆ ಒಂದೊಂದೇ ನಾಣ್ಯದ ಲೆಕ್ಕ: ಯಾವ ಸಂಗ್ರಹದ್ದು, ತೂಕ ಎಷ್ಟು, ಡೈಗಳ ದಿಕ್ಕು ಯಾವುದು. ದಿಕ್ಕನ್ನು ಗಡಿಯಾರದ ಗಂಟೆಯಲ್ಲಿ ಕೊಡುತ್ತಾರೆ. ಮುಖವನ್ನು ನೆಟ್ಟಗೆ ಹಿಡಿದು ನಾಣ್ಯವನ್ನು ಪಕ್ಕಕ್ಕೆ ಹೊರಳಿಸಿದಾಗ ಹಿಂಬದಿಯೂ ನೆಟ್ಟಗಿದ್ದರೆ 12, ತಲೆಕೆಳಗಾಗಿದ್ದರೆ 6. ಒಂದು ಗುಂಪಿನ ನಾಣ್ಯಗಳಲ್ಲಿ ದಿಕ್ಕು ಒಂದೇ ಸಮ ಇದ್ದರೆ ಯಾರೋ ಪ್ರತಿ ಏಟಿಗೂ ಪಂಚನ್ನು ಸರಿ ಮಾಡಿಕೊಂಡು ಹೊಡೆದಿದ್ದಾರೆ ಎಂದರ್ಥ. ಇಂಥ ಮಾಹಿತಿಯನ್ನು ಪ್ರತಿ ನಾಣ್ಯಕ್ಕೂ ಬರೆದಿಟ್ಟಿರುವುದು ಟೂಲ್ ರೂಮಿನವನಿಗೆ ಹಬ್ಬ.

ಈ ಊರಿನ ದೊಡ್ಡ ಕಂಚಿನ ನಾಣ್ಯಗಳಲ್ಲಿ ಇಬ್ಬರ ಮುಖ ಎದುರುಬದುರಾಗಿರುತ್ತದೆ. ಒಂದು ಕಡೆ ಹುಡುಗ ಗೋರ್ಡಿಯನ್, ಎದುರಿಗೆ ಸೆರಾಪಿಸ್ ದೇವರು. ಇಲ್ಲವೇ ಅವನ ಹೆಂಡತಿ ಟ್ರಾಂಕ್ವಿಲಿನಾ. ಹಿಂಬದಿಯಲ್ಲಿ ಟೈಖೆ, ನೆಮೆಸಿಸ್, ಹೈಜಿಯಾ ಮುಂತಾದ ದೇವತೆಗಳು. ಪಕ್ಕದಲ್ಲಿ ಎಪ್ಸಿಲಾನ್ ಅಕ್ಷರ. ಗ್ರೀಕರ ಲೆಕ್ಕದಲ್ಲಿ ಅದು 5, ಅಂದರೆ ಐದು ಅಸ್ಸಾರಿಯಾ (ಆ ಕಾಲದ ಚಿಲ್ಲರೆ ಹಣದ ಲೆಕ್ಕ) ಬೆಲೆ. ತೂಕ ಹೆಚ್ಚಾಗಿ 10ರಿಂದ 14 ಗ್ರಾಂ. ಸುತ್ತಲೂ ಊರಿನ ಹೆಸರು ಮತ್ತು ಗವರ್ನರ್ ಹೆಸರು. ಗೋರ್ಡಿಯನ್ ಕಾಲದಲ್ಲಿ ಮೆನೊಫಿಲಸ್ ಮತ್ತು ಟೆರ್ಟುಲಿಯಾನಸ್ ಎಂಬ ಎರಡು ಹೆಸರು ಬರುತ್ತವೆ. ಮೆನೊಫಿಲಸ್ ಸಾಮಾನ್ಯ ಆಸಾಮಿ ಅಲ್ಲ. 238ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿನಸ್‌ನ ಸೇನೆ ಮುತ್ತಿಗೆ ಹಾಕಿದಾಗ ಇಟಲಿಯ ಅಕ್ವಿಲೀಯಾ ಪಟ್ಟಣವನ್ನು ಕಾಪಾಡಿದ ಇಬ್ಬರಲ್ಲಿ ಒಬ್ಬ. ಡ್ಯಾನ್ಯೂಬ್ ನದಿಯಾಚೆಯ ಕಾರ್ಪಿ ಜನರ ದೂತರು ಕಪ್ಪ ಕೇಳಲು ಬಂದಾಗ ಅವರನ್ನು ದಿನಗಟ್ಟಲೆ ಕಾಯಿಸಿ, ಎದುರಿಗೇ ಸೈನಿಕರಿಗೆ ಕವಾಯತು ಮಾಡಿಸಿದನಂತೆ. ಅವನ ಹೆಸರಿನ ನಾಣ್ಯ ಪರದೆಯ ಮೇಲೆ ಬಂದಾಗ ಆ ಕಥೆ ನೆನಪಾಗಿ ಖುಷಿಯಾಗುತ್ತದೆ.

ಡೈ ದೃಷ್ಟಿಯಿಂದ ಇಲ್ಲೊಂದು ಸೊಗಸಿದೆ. ಗವರ್ನರ್ ಹೆಸರು ಇರುವುದು ಹಿಂಬದಿಯಲ್ಲಿ. ಅವನು ಬದಲಾದ ದಿನವೇ ಅವನ ಹೆಸರಿನ ಪಂಚುಗಳೆಲ್ಲ ದಂಡ. ಅಡಿಯ ಡೈಗೆ ಏನೂ ಆಗುವುದಿಲ್ಲ. ಹಾಗಾಗಿ ಒಂದೇ ಮುಂಬದಿ ಡೈ ಇಬ್ಬರು ಗವರ್ನರ್‌ಗಳ ಹೆಸರಿನ ಜೊತೆಗೂ ಸಿಕ್ಕರೆ ಅಧಿಕಾರ ಕೈ ಬದಲಾದ ಹೊತ್ತೇ ನಮ್ಮ ಕೈಗೆ ಸಿಕ್ಕಿತು. ಟ್ರಾಂಕ್ವಿಲಿನಾ ಮದುವೆಯಾದದ್ದು 241ರಲ್ಲಿ. ಅವಳ ಮುಖ ಇದ್ದರೆ ಆ ಡೈ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಹೀಗೆ ಒಂದು ಕಡೆ ಇತಿಹಾಸದ ಇಸವಿ, ಇನ್ನೊಂದು ಕಡೆ ಡೈ ಸವೆದ ಕ್ರಮ. ಎರಡನ್ನೂ ಸೇರಿಸಿದರೆ ನಾಣ್ಯಗಳು ಸಾಲಾಗಿ ನಿಲ್ಲುತ್ತವೆ.

ಈಗ ಹಿಡಿದುಕೊಂಡ ಅರ್ಧ ನಕ್ಷತ್ರಕ್ಕೆ ಬರೋಣ. ಈ ತಾಣವನ್ನು ಕಟ್ಟಿರುವುದು ಬಗೆಗಳ ಮೇಲೆ, ಡೈಗಳ ಮೇಲೆ ಅಲ್ಲ. ಟೈಖೆ ಇರುವ ನಾಣ್ಯಕ್ಕೆ ಒಂದು ಪುಟ, ನೆಮೆಸಿಸ್ ಇರುವುದಕ್ಕೆ ಇನ್ನೊಂದು. ಎರಡರ ಮುಂಬದಿಯೂ ಒಂದೇ ಡೈಯಿಂದ ಬಂದಿರಬಹುದು. ಪುಟಗಳನ್ನು ನೋಡಿದರೆ ಅದು ಗೊತ್ತಾಗುವುದಿಲ್ಲ. ಕೆಲವು ಕಡೆ ಟಿಪ್ಪಣಿಯಲ್ಲಿ ಹೇಳಿರುತ್ತಾರೆ, ಅಷ್ಟೇ. ಉಳಿದದ್ದು ನಮ್ಮ ಕಣ್ಣಿನ ಕೆಲಸ. ಊರಿನ ಎಲ್ಲ ಪುಟಗಳಿಂದ ಮುಂಬದಿ ಚಿತ್ರಗಳನ್ನು ತೆಗೆದು, ದೇವತೆಗಳನ್ನು ಮರೆತು, ಮುಖಗಳನ್ನಷ್ಟೇ ಗುಡ್ಡೆ ಹಾಕಿಕೊಳ್ಳಬೇಕು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ತಿರುಗಿಸಿ, ಒಂದರ ಮೇಲೊಂದು ಕೂರಿಸಿ ನೋಡುವ ಸೌಕರ್ಯ ತಾಣದಲ್ಲೇ ಬಂದರೆ ಉಳಿದ ಅರ್ಧವನ್ನೂ ಕೊಟ್ಟುಬಿಡುತ್ತೇನೆ.

ಅಲ್ಲಿಯವರೆಗೆ ನನ್ನ ದಾರಿ ಇದು. ಜಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎರಡು ಚಿತ್ರ ತೆರೆಯುತ್ತೇನೆ. ಅಂಚಿನ ಚುಕ್ಕಿಗಳ ಸುತ್ತನ್ನು ಅಳತೆಗೆ ಇಟ್ಟುಕೊಂಡು ಎರಡನ್ನೂ ಒಂದೇ ಗಾತ್ರಕ್ಕೆ ತರುತ್ತೇನೆ. ಬಿಲ್ಲೆಯ ಅಂಚನ್ನು ಅಳತೆಗೆ ತೆಗೆದುಕೊಳ್ಳಬಾರದು, ಅದು ಪ್ರತಿ ನಾಣ್ಯಕ್ಕೂ ಬೇರೆ. ಮೇಲಿನ ಚಿತ್ರವನ್ನು ಅರ್ಧ ಪಾರದರ್ಶಕ ಮಾಡುತ್ತೇನೆ. ಇನ್ನೂ ಅನುಮಾನ ಇದ್ದರೆ ಹಳೆಯ ಓಎಚ್‌ಪಿ ಪಾರದರ್ಶಕ ಹಾಳೆಯ ಮೇಲೆ ಅಕ್ಷರಗಳ ಜಾಗ ಗುರುತು ಹಾಕಿ ಇನ್ನೊಂದರ ಪ್ರಿಂಟಿನ ಮೇಲೆ ಇಡುತ್ತೇನೆ. ಮೂಗಿನ ತುದಿಯಿಂದ ಗೆರೆ ಎಳೆದರೆ ಯಾವ ಅಕ್ಷರಕ್ಕೆ ಹೋಗಿ ತಾಗುತ್ತದೆ, ಮಾಲೆಯ ಎಲೆ ಯಾವ ಎರಡು ಅಕ್ಷರಗಳ ನಡುವೆ ಚುಚ್ಚುತ್ತದೆ, ಇಂಥವನ್ನು ನೋಡಬೇಕು. ಮುಖದ ಭಾವ ನೋಡಿ ನಿರ್ಧಾರ ಮಾಡಬೇಡಿ. ಸವೆತ, ಹಸಿರು ಕಿಲುಬು, ಬೆಳಕು ಬಿದ್ದ ಕಡೆ ಎಲ್ಲವೂ ಸೇರಿ ಒಂದೇ ಮುಖವನ್ನು ಬೇರೆ ಮಾಡಿ ತೋರಿಸುತ್ತವೆ. ಜಾಗ ಮಾತ್ರ ಬದಲಾಗುವುದಿಲ್ಲ.

ನಾಣ್ಯದ ಮೇಲೆ ಉಬ್ಬಿದ ಸಣ್ಣ ಗೆರೆ ಕಂಡರೆ ಅಲ್ಲೇ ನಿಲ್ಲಿ. ಡೈ ಬಿರುಕು ಬಿಟ್ಟರೆ ಕಂಚು ಆ ಬಿರುಕಿನೊಳಗೆ ಹೋಗುತ್ತದೆ. ನಾಣ್ಯದಲ್ಲಿ ಅದು ಉಬ್ಬಾಗಿ ಕಾಣುತ್ತದೆ. ತಗ್ಗಾಗಿದ್ದರೆ ಅದು ಆಮೇಲೆ ಬಿದ್ದ ಗೀರು, ಅದಕ್ಕೆ ಬೆಲೆ ಇಲ್ಲ. ಬಿರುಕು ತಾನಾಗಿ ಕೂಡಿಕೊಳ್ಳುವುದಿಲ್ಲ, ದೊಡ್ಡದಾಗುತ್ತಾ ಹೋಗುತ್ತದೆ. ಸಣ್ಣ ಗೆರೆಯ ನಾಣ್ಯ ಮೊದಲು, ದೊಡ್ಡ ಗೆರೆಯದು ಆಮೇಲೆ. ಇಸವಿ ಬರೆಯದ ನಾಣ್ಯಕ್ಕೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಬೇಕೇ? ಇನ್ನೊಂದು, ಆ ಭಾಗದ ಎಷ್ಟೋ ನಾಣ್ಯಗಳ ನಡುಮಧ್ಯೆ ಒಂದು ಚಿಕ್ಕ ಗುಳಿ ಇರುತ್ತದೆ. ಬಿಲ್ಲೆಯನ್ನು ಹೊಡೆಯುವ ಮೊದಲು ನಡುವೆ ಹಿಡಿದು ಮೇಲ್ಮೈ ಹೆರೆದು ಸಮ ಮಾಡಿದ ಗುರುತು ಎನ್ನುತ್ತಾರೆ. ಸೆಂಟರ್ ಪಂಚ್ ಹಿಡಿದ ಕೈಗೆ ಇದನ್ನು ನೋಡಿದರೆ ತಟ್ಟನೆ ಅರ್ಥವಾಗುತ್ತದೆ.

ಡೈ ಅಭ್ಯಾಸ ಮಾಡಿ ಏನು ಸಿಗುತ್ತದೆ ಎಂದು ಕೇಳುವವರಿಗೆ ಕೊನ್ರಾಡ್ ಕ್ರಾಫ್ಟ್ ಹೆಸರು ಹೇಳುತ್ತೇನೆ. ಜರ್ಮನ್ ವಿದ್ವಾಂಸ. ಅವರ ಪುಸ್ತಕ ಅವರು ತೀರಿಕೊಂಡ ಮೇಲೆ 1972ರಲ್ಲಿ ಬಂತು. ಅಲ್ಲಿಯವರೆಗೆ ಈಗಿನ ಟರ್ಕಿಯಾದ ಏಷ್ಯಾ ಮೈನರ್‌ನ ಪ್ರತಿ ಊರಿಗೂ ತನ್ನದೇ ಟಂಕಸಾಲೆ ಇತ್ತು ಎಂದೇ ಸಾಮಾನ್ಯವಾಗಿ ಅಂದುಕೊಂಡಿದ್ದರು. ಕ್ರಾಫ್ಟ್ ಮುಂಬದಿ ಡೈಗಳನ್ನು ಹೋಲಿಸಿದರು. ಒಂದೇ ಚಕ್ರವರ್ತಿ ಮುಖದ ಡೈ ಬೇರೆ ಬೇರೆ ಊರಿನ ಹಿಂಬದಿಗಳ ಜೊತೆ ಸಿಕ್ಕಿತು. ಒಂದಲ್ಲ ಎರಡಲ್ಲ, ಪ್ರಾಂತ್ಯದ ಉದ್ದಗಲಕ್ಕೂ. ಊರಿನ ಹೆಸರು ಹಿಂಬದಿಯಲ್ಲಿ ಇರುವುದರಿಂದ ಮುಂಬದಿಯನ್ನು ಎಲ್ಲಿ ಬೇಕಾದರೂ ಬಳಸಬಹುದಲ್ವಾ? ಅಂದರೆ ಹಲವು ಊರುಗಳ ಕೆಲಸ ಒಂದೇ ಕಾರ್ಯಾಗಾರದ್ದು. ಸ್ಮಿರ್ನಾ, ಸಾರ್ಡಿಸ್‌ನಂಥ ದೊಡ್ಡ ಊರುಗಳ ಹೆಸರಿಟ್ಟು ಅವರು ಈ ಕಾರ್ಯಾಗಾರಗಳನ್ನು ಗುಂಪು ಮಾಡಿದರು. ಡೈ ತೆಗೆದುಕೊಂಡು ಕೆಲಸಗಾರರೇ ಊರೂರು ತಿರುಗಿದರೋ, ಊರಿನವರೇ ಕಾರ್ಯಾಗಾರಕ್ಕೆ ಬಂದು ಹೊಡೆಸಿಕೊಂಡು ಹೋದರೋ ಎಂಬ ಚರ್ಚೆ ಇನ್ನೂ ಇದೆ. ನನಗೆ ಇದರಲ್ಲಿ ಪೀಣ್ಯದ ಜಾಬ್ ವರ್ಕ್ ಕಾಣುತ್ತದೆ: ಒಂದು ಟೂಲ್ ರೂಮ್, ಹತ್ತು ಕಂಪನಿಗಳ ಆರ್ಡರ್. ವರ್ಷಕ್ಕೊಮ್ಮೆಯೋ ಹಬ್ಬಕ್ಕೋ ಸ್ವಲ್ಪ ನಾಣ್ಯ ಬೇಕಾದ ಚಿಕ್ಕ ಊರು ಸ್ವಂತ ಟೂಲ್ ರೂಮ್ ಯಾಕೆ ಇಟ್ಟುಕೊಳ್ಳುತ್ತದೆ?

ಇನ್ನೊಂದು ಉಪಯೋಗ ಮನಸ್ಸಿಗೆ ತಟ್ಟುವಂಥದ್ದು. 211ರ ಡಿಸೆಂಬರಿನಲ್ಲಿ ರೋಮನ್ ಚಕ್ರವರ್ತಿ ಕಾರಕಲ್ಲಾ ತನ್ನ ತಮ್ಮ ಗೇಟಾನನ್ನು ಕೊಲ್ಲಿಸಿದ. ಅವನ ಹೆಸರು, ಮುಖ ಎಲ್ಲೂ ಉಳಿಯಬಾರದು ಎಂದಾಯಿತು. ಈಗಿನ ಟರ್ಕಿಯ ಕಾರಿಯಾ ಸೀಮೆಯ ಸ್ಟ್ರಾಟೊನಿಕೆಯಾ ಊರಿನ ದೊಡ್ಡ ಕಂಚಿನ ನಾಣ್ಯಗಳಲ್ಲಿ ಅಣ್ಣತಮ್ಮಂದಿರ ಮುಖ ಎದುರುಬದುರಾಗಿತ್ತು. ತಮ್ಮನ ಮುಖವನ್ನು ಹೆರೆದು ತೆಗೆದಿದ್ದಾರೆ. ಆ ಜಾಗ ಬೋಳಾಗಿದೆ. ಅದೇ ಡೈಯ ಇನ್ನೊಂದು ನಾಣ್ಯ ಹೆರೆಯುವವರ ಕೈಗೆ ಸಿಗದೆ ಎಲ್ಲೋ ಉಳಿದಿದ್ದರೆ, ಅಳಿಸಿದ ಮುಖ ಹೇಗಿತ್ತು ಎಂದು ಗೆರೆಗೆರೆಯಾಗಿ ಹೇಳಬಹುದು.

ಎಚ್ಚರ ಇರಬೇಕಾದ ಕಡೆಗಳೂ ಇವೆ. ಇವು ತಾಣದ ದೋಷಗಳಲ್ಲ, ಸಾಮಗ್ರಿಯ ಸ್ವಭಾವ. ಚಿತ್ರಗಳು ನೂರೆಂಟು ಕಡೆಯಿಂದ ಬಂದಿವೆ. ಕೆಲವು ಬಣ್ಣದ ಫೋಟೋ, ಕೆಲವು ಪ್ಲಾಸ್ಟರ್ ಅಚ್ಚಿನ ಕಪ್ಪು ಬಿಳುಪು ಚಿತ್ರ. ಡೈ ನೋಡಲು ನನಗೆ ಪ್ಲಾಸ್ಟರೇ ಇಷ್ಟ, ಕಿಲುಬಿನ ಬಣ್ಣ ಕಣ್ಣಿಗೆ ಅಡ್ಡ ಬರುವುದಿಲ್ಲ. ಹರಾಜಿಗೆ ಬಂದ ಒಂದೇ ನಾಣ್ಯ ಕೆಲವು ವರ್ಷದ ಮೇಲೆ ಬೇರೆ ಫೋಟೋದಲ್ಲಿ ಮತ್ತೆ ಹರಾಜಿಗೆ ಬರುತ್ತದೆ. ತೂಕ ಮತ್ತು ಅಂಚಿನ ಆಕಾರ ತಾಳೆ ನೋಡಿ ಒಂದನ್ನು ಬಿಡಬೇಕು, ಇಲ್ಲದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಮಾರುವವರು ಸವೆದ ನಾಣ್ಯದ ಕೂದಲು, ಗಡ್ಡವನ್ನು ಈಗ ಹೊಸದಾಗಿ ಕೆತ್ತಿ ಚೂಪು ಮಾಡಿರುವುದೂ ಉಂಟು. ಅದೇ ಡೈಯ ಇನ್ನೊಂದು ನಾಣ್ಯ ಪಕ್ಕಕ್ಕಿಟ್ಟರೆ ಸಿಕ್ಕಿಬೀಳುತ್ತದೆ. ಎರಡು ನಾಣ್ಯಗಳಲ್ಲಿ ಡೈ ಮಾತ್ರವಲ್ಲ, ಅಂಚಿನ ಸೀಳು, ಏಟು ಪಕ್ಕಕ್ಕೆ ಸರಿದದ್ದು, ಗೀರು, ಎಲ್ಲವೂ ಒಂದೇ ಆಗಿದ್ದರೆ ಅನುಮಾನ ಪಡಿ. ಕನಿಷ್ಠ ಒಂದಾದರೂ ಎರಕ ಹೊಯ್ದ ನಕಲಿ.

ಜೊತೆಗೆ ಬರ್ಲಿನ್‌ನವರ ಕಾರ್ಪಸ್ ನ್ಯೂಮೋರಮ್ ತಾಣವನ್ನೂ ತೆರೆದಿಟ್ಟುಕೊಳ್ಳಿ. ಈಗಿನ ಬಲ್ಗೇರಿಯಾ, ಟರ್ಕಿ ಕಡೆಯ ಥ್ರೇಸ್, ಕೆಳ ಮೋಸಿಯಾ, ಮಿಸಿಯಾ, ಟ್ರೋಆಸ್ ಸೀಮೆಗಳ ನಾಣ್ಯಗಳು ಅಲ್ಲಿವೆ. ಬರ್ಲಿನ್ ಅಕಾಡೆಮಿಯಲ್ಲಿ ಬಹಳ ಹಿಂದಿನಿಂದ ಕೂಡಿಟ್ಟ ಪ್ಲಾಸ್ಟರ್ ಅಚ್ಚುಗಳ ಚಿತ್ರಗಳೂ ಇವೆ. ಡೈಗಳನ್ನು ದಾಖಲಿಸುವ ಏರ್ಪಾಡೂ ಅಲ್ಲಿದೆ. ವ್ಯಾಪ್ತಿ ಚಿಕ್ಕದು, ಆಳ ಜಾಸ್ತಿ. ಮಾರ್ಸಿಯಾನೊಪೊಲಿಸ್ ಎರಡೂ ಕಡೆ ಬರುವುದರಿಂದ ನಾನು ಎರಡನ್ನೂ ತಾಳೆ ಹಾಕುತ್ತೇನೆ. ಒಂದನ್ನೇ ಆರಿಸಿ ಎಂದರೆ ಆರ್‌ಪಿಸಿಯೇ, ಯಾಕೆಂದರೆ ಸ್ಪೇನ್‌ನಿಂದ ಈಜಿಪ್ಟ್‌ವರೆಗೆ ಎಲ್ಲ ಊರೂ ಅಲ್ಲಿದೆ.

ಗುಂಪು ಮಾಡಿ ಮುಗಿದ ಮೇಲೆ ಒಂದು ಸಣ್ಣ ಲೆಕ್ಕ ಹಾಕಬಹುದು. 40 ನಾಣ್ಯ ಇವೆ ಅನ್ನಿ. ಅವುಗಳಲ್ಲಿ 4 ಮುಂಬದಿ ಡೈಗಳು ಒಂದೊಂದೇ ಸಲ ಕಂಡಿವೆ. 40ಕ್ಕೆ 4 ಅಂದರೆ ಹತ್ತರಲ್ಲಿ ಒಂದು. ಆಗ, ಅಂದು ಹೊಡೆದ ನಾಣ್ಯಗಳಲ್ಲಿ ಸುಮಾರು ಶೇ. 90 ನಮಗೆ ಗೊತ್ತಿರುವ ಡೈಗಳಿಂದಲೇ ಬಂದವು ಎಂದು ಅಂದಾಜು. ವಾರೆನ್ ಎಸ್ಟಿ ಎಂಬ ಗಣಿತಜ್ಞರು ನಾಣ್ಯಗಳಿಗೆ ಇಂಥ ಲೆಕ್ಕಗಳನ್ನು ಅಳವಡಿಸಿದ್ದಾರೆ. ಒಂಟಿ ಡೈಗಳು ಜಾಸ್ತಿ ಇದ್ದರೆ ಇನ್ನೂ ಎಷ್ಟೋ ಡೈಗಳು ನಮ್ಮ ಕಣ್ಣಿಗೆ ಬಿದ್ದಿಲ್ಲ ಎಂದು ತಿಳಿಯಬೇಕು. ಆಗ ಸುಮ್ನೆ ದೊಡ್ಡ ತೀರ್ಮಾನ ಮಾಡಬಾರದು.

ನಮ್ಮ ಕಡೆ ಇಂಥ ನಾಣ್ಯ ಸಿಕ್ಕಿದೆಯಾ ಎಂದು ಗೆಳೆಯರು ಕೇಳುತ್ತಾರೆ. ಪೀಣ್ಯದ ಪಕ್ಕದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ನಾಣ್ಯಗಳ ನಿಧಿ ಸಿಕ್ಕಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಅವು ಹೆಚ್ಚಾಗಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ, ವ್ಯಾಪಾರಕ್ಕೆ ಬಂದ ಹಣ. ಗ್ರೀಕ್ ಊರುಗಳ ಕಂಚು ದೂರ ಹೋಗುವ ದುಡ್ಡಲ್ಲ. ಹೆಚ್ಚಾಗಿ ತನ್ನ ಊರಿನ ಸಂತೆ, ಸುತ್ತಲಿನ ಹಳ್ಳಿ, ಅಷ್ಟರಲ್ಲೇ ಓಡಾಡಿತು. ಆ ಊರುಗಳ ಬದುಕು ತಿಳಿಯಲು ಅದು ಇಷ್ಟು ಸಹಾಯ ಮಾಡುವುದೂ ಅದಕ್ಕೇ.

ಹೊಸಬರಿಗೆ ನನ್ನ ಸಲಹೆ: ಅಲೆಕ್ಸಾಂಡ್ರಿಯಾದಂಥ ದೊಡ್ಡ ಊರಿಗೆ ಮೊದಲೇ ಕೈ ಹಾಕಬೇಡಿ, ರಾಶಿಯಲ್ಲಿ ಕಳೆದುಹೋಗುತ್ತೀರಿ. ಒಂದು ಮಧ್ಯಮ ಊರು, ಒಬ್ಬ ಚಕ್ರವರ್ತಿ, ಒಂದೇ ಬೆಲೆಯ ನಾಣ್ಯ ಹಿಡಿಯಿರಿ. ಲ್ಯಾಪ್‌ಟಾಪ್ ಬೇಕು, ಫೋನಿನ ಪರದೆಯಲ್ಲಿ ಅಕ್ಷರದ ಜಾಗ ಗೊತ್ತಾಗುವುದಿಲ್ಲ. ಗ್ರೀಕ್ ಭಾಷೆ ಬರಬೇಕಿಲ್ಲ, 24 ದೊಡ್ಡ ಅಕ್ಷರಗಳು ಗೊತ್ತಿದ್ದರೆ ಸಾಕು. ಈ ಕಾಲದ ನಾಣ್ಯಗಳಲ್ಲಿ ಸಿಗ್ಮಾ ಹೆಚ್ಚಾಗಿ ಅರ್ಧಚಂದ್ರದ ಆಕಾರದಲ್ಲಿರುತ್ತದೆ, ಅದನ್ನು ಮೊದಲು ಗುರುತು ಹಿಡಿಯಲು ಕಲಿಯಿರಿ. ಪ್ರತಿ ಚಿತ್ರದ ಫೈಲಿಗೆ ಆರ್‌ಪಿಸಿ ನಂಬರು, ಸಂಗ್ರಹದ ಹೆಸರು, ತೂಕ ಮೂರನ್ನೂ ಹೆಸರಾಗಿ ಕೊಡಿ. ಮುಂಬದಿ ಡೈಗಳಿಗೆ ಒಂದು ಸಾಲು ನಂಬರು, ಹಿಂಬದಿಗೆ ಬೇರೆ ಸಾಲು. ಹೊಸ ಡೈ ಎಂದು ನಂಬರು ಕೊಡುವ ಮೊದಲು ಹಳೆಯದೆಲ್ಲದರ ಜೊತೆ ಇನ್ನೊಮ್ಮೆ ಕೂರಿಸಿ ನೋಡಿ.